ತಣ್ಣಗಿದ್ದಾಗ ಮೂವತ್ತೆಂಟು

ಮಾರ್ಚ್ 3, ಸೋಮವಾರ

ಕಂಪ್ಲಿಯ ಅಕ್ಕಿ ಗಿರಣಿಯವರ ಕಾರು ಹೊಸಪೇಟೆಯ ನಮ್ಮ ಟೈರಿನ ಅಂಗಡಿಗೆ ಬಂತು. ಕೆಂಪು ಬಣ್ಣ, ಎರಡೇ ಬಾಗಿಲು, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡಂತೆ ನಿಲ್ಲುತ್ತದೆ. ಸಂಡೂರಿನಲ್ಲಿ ಗಣಿ ಜೋರಾಗಿದ್ದಾಗ ಯಾರೋ ಕೊಂಡು, ಆಮೇಲೆ ಹದಿಮೂರು ವರ್ಷ ಶೆಡ್ಡಿನಲ್ಲಿ ಬಟ್ಟೆ ಹೊದಿಸಿ ಇಟ್ಟಿದ್ದ ರೇಸಿನ ಕಾರು. ಈಗ ಕೊಂಡಿರುವಾತ ಮುರುಗೇಶ್. ವಯಸ್ಸು ಮೂವತ್ತೈದರ ಆಸುಪಾಸು. ಆಸುಪಾಸು ಎಂದು ಬರೆಯಬಾರದು, ಕೇಳಿಲ್ಲ.

ಹಳೆಯ ಚಕ್ರಗಳು ಹದಿನೇಳು ಇಂಚಿನವು, ಎರಡು ಸೀಳಿವೆ. ಅವನಿಗೆ ಹತ್ತೊಂಬತ್ತು ಇಂಚಿನವು ಬೇಕು, ನೋಡಲು ಚೆನ್ನಾಗಿರುತ್ತವಂತೆ. ಚಕ್ರ ದೊಡ್ಡದಾದಷ್ಟೂ ಸುತ್ತಲಿನ ರಬ್ಬರು ತೆಳುವಾಗಬೇಕು, ಒಟ್ಟು ಎತ್ತರ ಮೊದಲಿನಷ್ಟೇ ಉಳಿಯಬೇಕು, ಅದಿರು ಲಾರಿ ಓಡಾಡುವ ರಸ್ತೆಯಲ್ಲಿ ಹತ್ತೊಂಬತ್ತು ಹಾಕಿದರೆ ಪ್ರತಿ ಗುಂಡಿಗೂ ಲೋಹವೇ ಬಡಿಯುತ್ತದೆ ಎಂದು ವಿವರಿಸಿದೆ. ಬಹಳ ಹೊತ್ತು ವಾದ ಮಾಡಿ ಹದಿನೆಂಟಕ್ಕೆ ಒಪ್ಪಿದ. ಟೈರು 225/40. ಒಟ್ಟು ಎತ್ತರದಲ್ಲಿ ಎಷ್ಟು ವ್ಯತ್ಯಾಸ ಬರುತ್ತದೆ, ಅಂದಾಜಿಗೆ ಹೇಳಿ ಎಂದ. ಅಂದಾಜು ಹೇಳುವುದಿಲ್ಲ ಎಂದೆ. ಲೆಕ್ಕ ಹಾಕಿ ತೋರಿಸಿದೆ: ಮೊದಲು 634 ಮಿಲಿಮೀಟರ್, ಈಗ 637. ಅಳೆಯದೆ ಅಂಕಿ ಹೇಳುವವನು ಸುಳ್ಳುಗಾರ ಎಂದು ನಮ್ಮಪ್ಪ ಹೇಳುತ್ತಿದ್ದರು. ಅದನ್ನೂ ಹೇಳಿದೆ.

"ಹಂಗಾದ್ರ ನಮ್ಮ ಕಂಪ್ಲಿಯಾಗ ಖರೇ ಮನಷ್ಯಾ ಒಬ್ಬನೂ ಉಳಿಯೂದಿಲ್ಲ ಬಿಡ್ರಿ, ಈಶ್ವರಣ್ಣ" ಎಂದ.

ಹನುಮಣ್ಣ ನಕ್ಕ. ಅಪ್ಪನ ಕಾಲದಿಂದ ಅಂಗಡಿಯಲ್ಲಿದ್ದಾನೆ. ಅವನು ನಗುವುದು ಕಡಿಮೆ.

ಮಾರ್ಚ್ 10, ಸೋಮವಾರ

ಕಾರನ್ನು ನಿನ್ನೆ ಸಂಜೆಯೇ ಬಿಟ್ಟು ಹೋಗಿದ್ದರು. ಚಕ್ರ ಕೂರಿಸಿದ್ದಾಯಿತು. ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಗಾಳಿ 33 ಪಾಯಿಂಟ್ ಎಂದಿದೆ. ಅದು ಹಳೆಯ ಚಕ್ರಕ್ಕೆ ಬರೆದದ್ದು. ಹೊಸ ಟೈರಿನೊಳಗೆ ಗಾಳಿಗೆ ಜಾಗ ಕಡಿಮೆ, ಹೊರುವ ಭಾರ ಅಷ್ಟೇ. ಒತ್ತಡ ಹೆಚ್ಚಬೇಕು. ಎಷ್ಟು ಎಂಬುದನ್ನು ಕಂಪನಿಗಳ ಭಾರದ ಪಟ್ಟಿ ಇಟ್ಟುಕೊಂಡು ಮೂರು ಸಲ ಲೆಕ್ಕ ಹಾಕಿದೆ. ಮೂರು ಸಲವೂ 38.

ಬೆಳಗ್ಗೆ ಆರೂವರೆಗೆ, ಬಿಸಿಲು ಬೀಳುವ ಮೊದಲು, ಅಪ್ಪನ ಹಿತ್ತಾಳೆ ಗೇಜಿನಿಂದ ಅಳೆದು ನಾಲ್ಕೂ ಟೈರಿಗೆ 38 ತುಂಬಿದೆ. ಬಿಳಿ ಚೀಟಿಯ ಮೇಲೆ ದೊಡ್ಡದಾಗಿ 38 ಎಂದು ಬರೆದು ಹಳೆಯ ಚೀಟಿಯ ಮೇಲೆ ಅಂಟಿಸಿದೆ. ಲಗ್ನಪತ್ರಿಕೆ ಬರೆದಂಗೆ ಬರೆದಿರಲ್ಲ ಎಂದು ಹನುಮಣ್ಣ ಅಂದ. ಅಂಕಿ ಚೆನ್ನಾಗಿ ಬಂದಿತ್ತು.

ಮಾರ್ಚ್ 27, ಗುರುವಾರ

ಅಂಗಡಿ ಗೋಡೆಯ ಉಷ್ಣಮಾಪಕದಲ್ಲಿ ಮೂರು ಗಂಟೆಗೆ 39 ಡಿಗ್ರಿ. ಕಂಪ್ಲಿಯ ಗಿರಾಕಿ ಬಂದ. ಕಾರು ತುಂಬ ಹಿಡಿಸಿದೆ. ಗಾಳಿ ನೋಡಿದೆ: ನಾಲ್ಕರಲ್ಲೂ 43. ಬೇಸಿಗೆ. ಐದೈದು ಪಾಯಿಂಟ್ ಬಿಟ್ಟು 38ಕ್ಕೆ ತಂದೆ. ಬಿಸಿಲುಗಾಲದಲ್ಲಿ ಗಾಳಿ ಇಳಿಸಬೇಕು, ಇಲ್ಲದಿದ್ದರೆ ಸಿಡಿಯುತ್ತದೆ ಎಂಬುದು ಅಪ್ಪ ಕಲಿಸಿದ ಮೊದಲ ಪಾಠ. ಈ ಅಂಗಡಿಯನ್ನು ಅವರು ಹಾಕಿದ್ದೇ ಅದಿರು ಲಾರಿಗಳಿಗಾಗಿ. ಮುರುಗೇಶ್ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕುಳಿತು ವಾಲ್ವು ಒತ್ತುತ್ತಿದ್ದ ನನ್ನ ಹೆಬ್ಬೆರಳನ್ನೇ ನೋಡುತ್ತಿದ್ದ. ಗೇಜು ಎಲ್ಲಿ ಸಿಗುತ್ತದೆ ಎಂದು ಕೇಳಿದ. ಒಂದು ಕೊಟ್ಟೆ.

ಬಲವಂತ ಮಾಡಿ ಕೂರಿಸಿಕೊಂಡು ಕಮಲಾಪುರದವರೆಗೆ ಕರೆದೊಯ್ದ. ಹಂಪಿಯ ಬಂಡೆಗಳು ಅಷ್ಟು ಕೆಳಗಿನಿಂದ ಬೇರೆ ಥರ ಕಾಣುತ್ತವೆ. ವೇಗದ ಮುಳ್ಳು ಎಂಬತ್ತು ದಾಟಲಿಲ್ಲ. ಯಾಕೆ ಎಂದೆ. "ಎಂಬತ್ತು ದಾಟೂದಿಲ್ಲ ಅಂತ ಅಕ್ಕನ ಮುಂದ ಆಣಿ ಮಾಡೀನ್ರಿ. ಆಕಿ ಭಾಳ ಬೆರಕಿ, ಮುಖ ನೋಡಿನ ಹೇಳ್ತಾಳ, ಇವತ್ತ ತೊಂಬತ್ತು ಹೋಗೀದಿ ಅಂತ."

ಅಕ್ಕ ಶಾಂಭವಿ, ಭಾವ ತೋಟಪ್ಪ, ಇವನು, ಎಲ್ಲ ಒಂದೇ ಮನೆ. ಗಿರಣಿ ಭಾವನೂ ಇವನೂ ಸೇರಿ ನಡೆಸುತ್ತಾರೆ. ಇವನಿಗೆ ಮದುವೆಯಾಗಿಲ್ಲ. ಮೂವತ್ತಾರು ವರ್ಷ, ಕೇಳಿದೆ.

ಹೆಂಡತಿ ರಮಾ ಸಂಜೆ ಚಹಾ ಕೊಡುತ್ತ, ಏನಾಯಿತು ಇವತ್ತು, ಮುಖ ಬೇರೆ ಥರ ಇದೆ ಎಂದಳು. ಏನಿಲ್ಲ ಎಂದೆ.

ಏಪ್ರಿಲ್ 18, ಶುಕ್ರವಾರ

ಸಂಡೂರು ರಸ್ತೆಯಲ್ಲಿ, ಬೆಳಗ್ಗೆ ಹನ್ನೊಂದೂವರೆಗೆ. ಮುಂದಿನ ಎಡ ಟೈರು ಸಿಡಿದು ಕಾರು ಮೋರಿಗೆ ಬಡಿದಿದೆ. ಮುರುಗೇಶನ ಸೊಂಟ ಮುರಿದಿದೆ. ಪಕ್ಕದಲ್ಲಿದ್ದ ತೋಟಪ್ಪ ಹೋದರು.

ನಾನು ಟೈರು ಹಾಕಿ ಮೂವತ್ತೊಂಬತ್ತು ದಿನ.

ಏಪ್ರಿಲ್ 20, ಭಾನುವಾರ

ನಿನ್ನೆ ಮಣ್ಣಿಗೆ ಹೋಗಿ ಬಂದೆ. ಇವತ್ತು ಬರೆಯುತ್ತಿದ್ದೇನೆ.

ಎಂಬತ್ತರಲ್ಲಿದ್ದೆ ಎಂದು ಮುರುಗೇಶ್ ಪೊಲೀಸರಿಗೆ ಹೇಳಿದ್ದಾನೆ. ಒಬ್ಬರೂ ನಂಬುತ್ತಿಲ್ಲ. ಗಿರಣಿಯ ಕಟ್ಟೆಯ ಮೇಲೆ ಕುಳಿತಿದ್ದವರಲ್ಲಿ ಒಬ್ಬ, ಎಂಬತ್ತರಾಗ ಹೋಗಾಕ ಅಂಥ ಕಾರ್ ಯಾಕ ಬೇಕು, ಸರ್ಕಾರಿ ಬಸ್ಸೂ ಹೋಗತೈತಿ ಅಂದ. ಉಳಿದವರು ನೆಲ ನೋಡಿದರು. ನಗದಿರಲು ಹಾಗೆ ಮಾಡಿದರು ಎಂದು ಕಂಡಿತು.

ಶಾಂಭವಿ ಅಳುತ್ತಿರಲಿಲ್ಲ. ತಮ್ಮ ಆಸ್ಪತ್ರೆಯಲ್ಲಿ ಹೇಗಿದ್ದಾನೆ ಎಂದು ಯಾರೋ ಹೇಳಲು ಹೋದಾಗ ಎದ್ದು ಒಳಗೆ ಹೋದರು.

ನಾನೂ ನಂಬಲಿಲ್ಲ. 38 ಇರುವ ಹೊಸ ಟೈರು ಎಂಬತ್ತರಲ್ಲಿ ಹಾಗೆ ಸಿಡಿಯುವುದಿಲ್ಲ.

ಏಪ್ರಿಲ್ 28, ಸೋಮವಾರ

ಮೊದಲ ಬಸ್ಸಿಗೆ ಸಂಡೂರಿಗೆ ಹೋದೆ. ಕಾರು ಸ್ಟೇಷನ್ನಿನ ಹಿಂದೆ ಬೇವಿನ ಮರದ ಕೆಳಗಿದೆ. ಟೈರು ಹಾಕಿದವನು ನಾನು ಎಂದಾಗ ಕಾನ್‌ಸ್ಟೇಬಲ್ ಬಿಟ್ಟರು. ಬಿಸಿಲು ಇನ್ನೂ ತಾಗಿರಲಿಲ್ಲ.

ಎಡ ಮುಂದಿನದು ಚಿಂದಿಯಾಗಿದೆ. ಅದರ ಒಳಮೈಯಲ್ಲಿ ಸುತ್ತಲೂ ಒಂದು ಬೆರಳಗಲ ರಬ್ಬರು ಉಜ್ಜಿ ಕಪ್ಪು ಹುಡಿಯಾಗಿದೆ. ಗಾಳಿ ಕಡಿಮೆಯಿದ್ದು ಬಹಳ ದಿನ ಓಡಿದ ಟೈರಿನಲ್ಲಿ ಹೀಗಾಗುತ್ತದೆ. ಸಿಡಿದ ಮೇಲೆ ಉರುಳಿದ್ದರಿಂದಲೂ ಆಗಿರಬಹುದು.

ಉಳಿದ ಮೂರರಲ್ಲಿ ಗಾಳಿ ನಿಂತಿತ್ತು. ಅಳೆದೆ. 31, 31, ಮೂವತ್ತೂವರೆ.

ಪುನಃ ಅಳೆದೆ. ಅದೇ.

ತಾನಾಗಿ ಸೋರಿದರೆ ಮೂರು ಟೈರು ಒಂದೇ ಸಮ ಸೋರುವುದಿಲ್ಲ. ಒಂದು ಹೆಚ್ಚು, ಒಂದು ಕಡಿಮೆ ಇರುತ್ತದೆ. ಇದು ಕೈಯ ಕೆಲಸ. ಯಾರೋ ಗಾಳಿ ಬಿಟ್ಟಿದ್ದಾರೆ. ಯಾರೆಂದು ತಿಳಿಯಬೇಕು.

ಮೇ 2, ಶುಕ್ರವಾರ

ಕಂಪ್ಲಿ ರಸ್ತೆಯ ಬಂಕಿನಲ್ಲಿ ವಿಚಾರಿಸಿದೆ. ಮುರುಗೇಶ್ ತನ್ನ ಗೇಜಿನಿಂದ ತಾನೇ ನೋಡಿಕೊಳ್ಳುತ್ತಿದ್ದನಂತೆ, ಬೇರೆಯವರಿಗೆ ಟೈರು ಮುಟ್ಟಗೊಡುತ್ತಿರಲಿಲ್ಲವಂತೆ. ಹಾಗಾದರೆ ತಪ್ಪು ಅವನದೇ. ಒಂದು ಬಗೆಯ ನೆಮ್ಮದಿಯಾಯಿತು. ಈ ಸಾಲನ್ನು ಹೊಡೆದುಹಾಕಬೇಕು ಅನಿಸಿತು. ಹಾಕಿಲ್ಲ.

ಮೇ 6, ಮಂಗಳವಾರ

ಕಂಪ್ಲಿಗೆ ಹೋಗಿದ್ದೆ. ಮುರುಗೇಶನನ್ನು ಮನೆಗೆ ತಂದಿದ್ದಾರೆ. ಗಿರಣಿಯ ಪಕ್ಕದ ಕೋಣೆ, ಅಕ್ಕಿ ತೌಡಿನ ವಾಸನೆ. ಅವನು ಮಲಗಿದಲ್ಲೇ ಕೈಮುಗಿದ. ಶಾಂಭವಿ ತಟ್ಟೆ ತಂದು ಸ್ಟೂಲಿನ ಮೇಲಿಟ್ಟು ಹೋದರು. ಅವನ ಕಡೆ ನೋಡಲಿಲ್ಲ. ಮೂರು ಹೊತ್ತೂ ತಾವೇ ಅಡುಗೆ ಮಾಡಿ ತಂದಿಡುತ್ತಾರೆ, ಅಪಘಾತದ ದಿನದಿಂದ ಒಂದು ಮಾತು ಆಡಿಲ್ಲ ಎಂದು ಅವನೇ ಹೇಳಿದ.

ನಾನು ಗಾಳಿಯ ವಿಷಯ ಎತ್ತಿದೆ. ಅವನು ನಿರ್ಲಕ್ಷ್ಯ ಮಾಡಿದ್ದನ್ನು ಅವನ ಬಾಯಿಂದಲೇ ಕೇಳಬೇಕು ಎಂದು ಹೋಗಿದ್ದೆ, ಅದನ್ನು ಇಲ್ಲಿ ಮುಚ್ಚಿಡುವುದೇಕೆ.

"ಗಾಳಿ ವಿಷಯದಾಗ ನಾ ಒಂದ್ ದಿನ ತಪ್ಪಿಲ್ರಿ" ಎಂದ. ಕಣ್ಣಲ್ಲಿ ಹೆಮ್ಮೆಯಿತ್ತು. "ದಿನಾ ಮಧ್ಯಾಹ್ನ ಗಿರಣಿಗೆ ಬಂದ ಕೂಡ್ಲೆ ನೋಡ್ತಿದ್ದೆ. ನಲವತ್ತೊಂದ್, ನಲವತ್ತೆರಡ್ ಇರ್ತಿತ್ತು. ನೀವು ಮಾಡಿದಂಗ ಹೆಬ್ಬಟ್ಟಿಲೆ ಒತ್ತಿ ಮೂವತ್ತೆಂಟಕ್ಕ ತರ್ತಿದ್ದೆ. ನೀವು ಚೀಟಿ ಅಂಟಿಸೀರಲ್ರಿ, ಅದಕ್ಕಿಂತ ಒಂದ್ ಪಾಯಿಂಟ್ ಮ್ಯಾಲ ಬಿಟ್ಟಿಲ್ಲ."

ಕುಡಿಯಲು ಕೊಟ್ಟ ಮಜ್ಜಿಗೆ ಅರ್ಧ ಉಳಿಸಿ ಬಂದೆ.

ಮೇ 7, ಬುಧವಾರ

ಮಾರ್ಚ್ 27ರ ಪುಟ ತೆಗೆದು ಓದಿದೆ. "ಐದೈದು ಪಾಯಿಂಟ್ ಬಿಟ್ಟು 38ಕ್ಕೆ ತಂದೆ." ನನ್ನದೇ ಅಕ್ಷರ.

38 ಎಂಬುದು ಬೆಳಗಿನ ಅಂಕಿ. ಟೈರು ತಣ್ಣಗಿದ್ದಾಗಿನ ಅಂಕಿ. ಓಡಿದ ಮೇಲೆ ಅದು ಕಾದು 43 ಆಗುವುದೇ ಸರಿ, ಪಟ್ಟಿ ಮಾಡಿದವರು ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿದಿರುತ್ತಾರೆ. ಬಿಸಿ ಇದ್ದಾಗ 38ಕ್ಕೆ ಇಳಿಸಿದರೆ ಮರುದಿನ ಬೆಳಗ್ಗೆ ಮೂವತ್ತೆರಡೋ ಮೂವತ್ತಮೂರೋ. ಕಡಿಮೆ ಗಾಳಿಯ ಟೈರು ಹೆಚ್ಚು ಬಾಗುತ್ತದೆ, ಹೆಚ್ಚು ಕಾಯುತ್ತದೆ. ಮಧ್ಯಾಹ್ನ ಗೇಜು ಮತ್ತೆ ಮೇಲೆ ತೋರಿಸುತ್ತದೆ. ಮತ್ತೆ ಇಳಿಸಿದರೆ ಮೂವತ್ತೊಂದು.

ತಣ್ಣಗಿದ್ದಾಗ ಅಳೆಯಬೇಕು ಎಂಬುದು ನನಗೆ ಗೊತ್ತಿತ್ತು. ಬೇಸಿಗೆಯಲ್ಲಿ ಗಾಳಿ ಬಿಡಬೇಕು ಎಂಬುದೂ ಗೊತ್ತಿತ್ತು. ಮೂವತ್ತು ವರ್ಷ ಎರಡನ್ನೂ ಮಾಡಿದ್ದೇನೆ. ಎರಡನ್ನೂ ಒಂದೇ ಸಲ ಎದುರಿಗಿಟ್ಟು ನೋಡಿರಲಿಲ್ಲ.

ಚೀಟಿಯಲ್ಲಿ ಜಾಗ ಇತ್ತು. "ತಣ್ಣಗಿದ್ದಾಗ" ಎಂದು ಬರೆಯುವಷ್ಟು ಜಾಗ ಇತ್ತು.

ಮೇ 19, ಸೋಮವಾರ

ಅಂಗಡಿಯನ್ನು ಬೆಳಗ್ಗೆ ಐದೂವರೆಗೆ ತೆರೆಯುತ್ತಿದ್ದೇನೆ. ಬಿಸಿಲು ಜಾಸ್ತಿ, ಅದಕ್ಕೆ. ಒಂಬತ್ತರ ಮೇಲೆ ಬಂದವರಿಗೆ ಗಾಳಿ ನೋಡುವುದಿಲ್ಲ, ನಾಳೆ ಬೆಳಗ್ಗೆ ಬನ್ನಿ ಎನ್ನುತ್ತೇನೆ. ಕೆಲವರು ಬರುತ್ತಾರೆ.

ಕಂಪ್ಲಿಯ ಕಡೆ ಕೆಲಸವಿತ್ತು. ಹಾಗೇ ಮುರುಗೇಶನನ್ನು ನೋಡಿ ಬಂದೆ. ಏನೂ ಹೇಳಲಿಲ್ಲ.

ಮೇ 26, ಸೋಮವಾರ

ಕಂಪ್ಲಿಗೆ ಹೋಗಿ ಬಂದೆ. ಹೇಳಲಿಲ್ಲ.

ಜೂನ್ 2, ಸೋಮವಾರ

ನಮ್ಮ ಬೀದಿಯಲ್ಲಿ ನಿಲ್ಲುವ ಏಳು ಕಾರುಗಳ ಗಾಳಿಯನ್ನು ವಾಯುವಿಹಾರಕ್ಕೆ ಹೋದಾಗ ನೋಡಿ ಬರುತ್ತೇನೆ. ಎದುರುಮನೆಯವರು ಇದನ್ನು ರಮಾಗೆ ಹೇಳಿದ್ದಾರೆ, ದೂರಿನ ಧಾಟಿಯಲ್ಲಿ. ಕೇಳದೆ ಮಂದಿ ಗಾಡಿ ಮುಟ್ಟುವುದು ನಿಮಗೆ ಶೋಭೆಯೇ ಎಂದು ರಮಾ ಕೇಳಿದಳು. ಐದು ಗಾಡಿಯಲ್ಲಿ ಕಡಿಮೆ ಇದೆ ಎಂದೆ. ಅವಳು ಚೀಲ ಎತ್ತಿಕೊಂಡು ಪಾಠ ಮಾಡಲು ಶಾಲೆಗೆ ಹೋದಳು.

ಮಧ್ಯಾಹ್ನ ಗಿರಾಕಿ ಇರಲಿಲ್ಲ. ಹನುಮಣ್ಣನನ್ನು ಕೂರಿಸಿಕೊಂಡು ಕೇಳಿದೆ. ಅಪ್ಪನ ಕಾಲದಲ್ಲಿ ಬೇಸಿಗೆಯಲ್ಲಿ ಲಾರಿ ಟೈರು ಬಹಳ ಸಿಡಿಯುತ್ತಿದ್ದವೇ?

"ಸಿಡೀತಿದ್ವು. ಅದಕ್ಕ ಅಲ್ರಿ ಗಾಳಿ ಬಿಡ್ತಿದ್ದದ್ದು."

ಬಿಟ್ಟ ಮೇಲೆ?

ಕೈಯಲ್ಲಿದ್ದ ಬಟ್ಟೆಯನ್ನು ತಿರುವುತ್ತ ಯೋಚಿಸಿದ. "ಆಮ್ಯಾಲೂ ಸಿಡೀತಿದ್ವು. ಆವಾಗ ಇನ್ನಷ್ಟ್ ಬಿಡ್ತಿದ್ವಿ."

ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡ. "ಡ್ರೈವರಗೋಳಿಗೆ ಬೈತಿದ್ರು ನಿಮ್ಮಪ್ಪಾರು. ಕುಡದು ಓಡಸ್ತಾರ ಅಂತ."

ಚೋರನೂರಿನ ತಿರುವಿನಲ್ಲಿ ಮಗುಚಿದ ಲಾರಿಯೊಂದು ನನಗೆ ನೆನಪಿದೆ. ನಾನಾಗ ಕಾಲೇಜಿನಲ್ಲಿದ್ದೆ. ಆ ಡ್ರೈವರನ ಹೆಸರು ಗೊತ್ತಿಲ್ಲ. ಹನುಮಣ್ಣನಿಗೂ ನೆನಪಿಲ್ಲ.

ಜೂನ್ 16, ಸೋಮವಾರ

ಮುರುಗೇಶ್ ಎದ್ದು ಕೂರುತ್ತಾನೆ. ಕೋಲು ಹಿಡಿದು ನಾಲ್ಕು ಹೆಜ್ಜೆ. ಹೇಳಬೇಕೆಂದೇ ಹೋಗಿದ್ದೆ. ಅದಕ್ಕೆ ಮೊದಲು ಅವನೇ ಒಂದು ಪ್ರಶ್ನೆ ಕೇಳಿದ. ಚಕ್ರ ಬದಲಾಯಿಸಿದ್ದಕ್ಕೆ ಮೂರು ಮಿಲಿಮೀಟರ್ ವ್ಯತ್ಯಾಸ ಬಂತಲ್ಲ, ಅದರಿಂದ ಮುಳ್ಳು ಎಂಬತ್ತು ತೋರಿಸಿದ್ದು ಅಸಲಿಗೆ ನೂರು ಆಗಿರಬಹುದೇ ಎಂದು.

ಅರ್ಧ ಕಿಲೋಮೀಟರಿನಷ್ಟೂ ಆಗುವುದಿಲ್ಲ ಎಂದೆ. ಇದಕ್ಕೆ ಮಾತ್ರ ನನ್ನ ಬಳಿ ಉತ್ತರವಿತ್ತು.

"ಹಂಗಾದ್ರ ನಾನ ತಪ್ಪು ನೋಡೀನಿ" ಎಂದ. "ಊರ ಮಂದಿ ಎಲ್ಲಾ ಅಂತಾರಂದ್ರ ಇರತೈತ್ರಿ. ಎಂಬತ್ತು ಇರಲಿಕ್ಕಿಲ್ಲ. ವಕೀಲರಿಗೂ ಹಂಗ ಹೇಳೀನಿ, ಜೋರ್ ಹೋಗಿದ್ದೆ ಅಂತ ಬರಕೊಳ್ರಿ ಅಂತ."

ಅಕ್ಕ ಮುಂದಿನ ತಿಂಗಳು ಮನೆ ಬಿಟ್ಟು ಮಲಪನಗುಡಿಗೆ, ಗಂಡನ ಊರಿಗೆ ಹೋಗುತ್ತಾರಂತೆ. ಅದನ್ನೂ ಅವರು ಇವನಿಗೆ ಹೇಳಿಲ್ಲ. ಗಿರಣಿಯ ಆಳುಗಳ ಬಾಯಿಂದ ಗೊತ್ತಾಗಿದೆ.

ಬಾಗಿಲವರೆಗೆ ಬಂದು ಹಿಂದಿರುಗಿ ನೋಡಿದೆ. ಅವನು ತನ್ನ ಬಲಗಾಲಿನ ಪಾದವನ್ನು ನೋಡುತ್ತ ಕುಳಿತಿದ್ದ, ಅದು ಬೇರೆಯವರದೆಂಬಂತೆ. ಆಗಲೂ ಹೇಳಲಿಲ್ಲ. ಹೇಳಿದರೆ ಅಂಗಡಿಯ ಹೆಸರು ಹೋಗುತ್ತದೆ. ಅಪ್ಪನ ಹೆಸರು ಹೋಗುತ್ತದೆ. ಇದನ್ನು ಬರೆದ ಮೇಲೆ ಓದಿದೆ. ಅಷ್ಟೇನೂ ದೊಡ್ಡ ಹೆಸರಲ್ಲ.

ಜೂನ್ 27, ಶುಕ್ರವಾರ

ಸಂಡೂರು ಸ್ಟೇಷನ್ನಿಗೆ ಕಾಗದ ಕೊಟ್ಟು ಬಂದೆ. ಒಂದೂವರೆ ಪುಟ. ಟೈರಿನ ಅಳತೆ, ಸರಿಯಾದ ಒತ್ತಡ, ಮಾರ್ಚ್ 27ರ ಮಧ್ಯಾಹ್ನ ನಾನು ಮಾಡಿದ್ದು, ಅದನ್ನು ನೋಡಿ ಆತ ಮಾಡಿದ್ದು, ಏಪ್ರಿಲ್ 28ರಂದು ಉಳಿದ ಮೂರು ಟೈರಿನಲ್ಲಿ ನಾನು ಕಂಡದ್ದು. ತಪ್ಪು ನನ್ನದು ಎಂದು ಬರೆದು ಸಹಿ ಹಾಕಿದೆ. ವೇಗದ ವಿಷಯ ಬರೆದಿಲ್ಲ. ಅದನ್ನು ನಾನು ಅಳೆದಿಲ್ಲ.

ಕಾನ್‌ಸ್ಟೇಬಲ್ ಓದಿ, ಇದನ್ನ ಯಾರಾದ್ರು ಕೇಳಿದ್ರೇನ್ರಿ ನಿಮಗ, ಎಂದರು. ಇಲ್ಲ ಎಂದೆ. ಒಂದು ಪ್ರತಿಗೆ ಮುದ್ರೆ ಒತ್ತಿಸಿಕೊಂಡೆ.

ರಮಾಗೆ ತೋರಿಸಿದೆ. ನಿಧಾನವಾಗಿ ಓದಿದಳು. ಊಟಕ್ಕೆ ಬಡಿಸುತ್ತ, "ಹೋಗಿ ಬರ್ರಿ" ಎಂದಳು. ಎಲ್ಲಿಗೆ ಎಂದು ನಾನು ಹೇಳಿರಲಿಲ್ಲ.

ಜೂನ್ 29, ಭಾನುವಾರ

ಕಂಪ್ಲಿ. ಬೆಳಗಿನಿಂದ ಮೋಡ. ಗಿರಣಿ ನಿಂತಿತ್ತು.

ಹೊರಗಿನ ಕೋಣೆಯಲ್ಲಿ ಎರಡು ಟ್ರಂಕು ಹಗ್ಗ ಕಟ್ಟಿ ಇಟ್ಟಿದ್ದವು. ಮುರುಗೇಶ್ ಗೋಡೆಗೆ ಒರಗಿ ಕುಳಿತಿದ್ದ. ಅಕ್ಕನವರನ್ನೂ ಕರೆಯಿರಿ ಎಂದೆ. ಆಕಿ ಬರೂದಿಲ್ಲ ಎಂದ. ಹಾಗಾದರೆ ಅವರಿಗೆ ಕೇಳಿಸುವಷ್ಟು ಗಟ್ಟಿಯಾಗಿ ಓದುತ್ತೇನೆ ಎಂದು ಕಾಗದ ತೆಗೆದು ಓದಿದೆ. ಮುಗಿದ ಮೇಲೆ ಮಾರ್ಚ್ 27ರ ಪುಟವನ್ನೂ ಓದಿದೆ. ಈ ಪುಸ್ತಕ ಇದೇ ಮೊದಲ ಸಲ ಮನೆಯಿಂದ ಹೊರಗೆ ಬಂದದ್ದು. ಹಂಪಿಯ ಬಂಡೆಗಳ ಸಾಲು ಬಿಡಬೇಕಿತ್ತು, ಅದೂ ಓದಿಹೋಯಿತು.

ಮುರುಗೇಶ್ ನನ್ನ ಕೈಗಳನ್ನೇ ನೋಡಿದ. ಆಮೇಲೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ.

ಶಾಂಭವಿ ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ತಟ್ಟೆ. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಟೈರು, ಗಾಳಿ, ಯಾವುದನ್ನೂ ಅವರು ಕೇಳಲಿಲ್ಲ.

"ಎಂಬತ್ತು ದಾಟಿದ್ನೇನ್ರಿ?" ಎಂದರು.

"ಇಲ್ಲವ್ವ. ಎಂಬತ್ತರಾಗ ಇದ್ದ" ಎಂದೆ.

"ಖರೇ?"

"ಖರೇ."

ಅವರು ಒಳಗೆ ಬಂದರು. ತಟ್ಟೆಯನ್ನು ಸ್ಟೂಲಿನ ಮೇಲೆ ಇಡಲಿಲ್ಲ. ಮಂಚದ ಅಂಚಿನಲ್ಲಿ ಕುಳಿತು, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡರು.

"ಮುರುಗ್ಯಾ. ಈ ಕಡೆ ತಿರುಗು. ಸಾರು ಆರಾಕತ್ತೈತಿ."

ಅವನು ತಿರುಗಲಿಲ್ಲ. ಗೋಡೆಗೇ ಹೇಳಿದ: "ಅಕ್ಕಾ, ಅವರಿಗೆ ಹೋಗಾಕ ಹೇಳು. ಇನ್ನ ಬರಬ್ಯಾಡ ಅಂತ ಹೇಳು."

ಅವರು ಹೇಳಬೇಕಾಗಲಿಲ್ಲ. ಕಾಗದದ ಪ್ರತಿಯನ್ನು ಟ್ರಂಕಿನ ಮೇಲಿಟ್ಟು ಎದ್ದೆ. ಅಂಗಳ ದಾಟುವಾಗ ಒಳಗಿಂದ ಅವರು ಇನ್ನೊಮ್ಮೆ ಅವನ ಹೆಸರು ಕರೆದದ್ದು ಕೇಳಿಸಿತು.

ಮಳೆ ಹನಿಯತೊಡಗಿತ್ತು. ಹೊಸಪೇಟೆಯ ಬಸ್ಸಿಗೆ ಕಾಯಬೇಕಾಯಿತು. ಎಷ್ಟು ಹೊತ್ತು ಎಂದು ನೋಡಲಿಲ್ಲ.